ಐವತ್ತು ರೂಪಾಯಿ ದಂಡದ ಕಾಯ್ದೆ: ಪ್ರಾಣಿಗಳ ಪರವಾಗಿ ದೂರು ಕೊಡುವವರು ಯಾರು?

ತುಂಗಾತೀರ (ಚರ್ಚೆ ಆರಂಭಿಸಿದವರು)

ನಮ್ಮ ದೇಶದ ಪ್ರಾಣಿ ಹಿಂಸೆ ತಡೆ ಕಾಯ್ದೆ 1960ರದು. ಅದರ 11ನೇ ಸೆಕ್ಷನ್ ಓದಿ ತಲೆಕೆಟ್ಟು ಇಲ್ಲಿ ಬರೆಯುತ್ತಿದ್ದೇನೆ. ಎತ್ತನ್ನೋ ಕತ್ತೆಯನ್ನೋ ನಾಯಿಯನ್ನೋ ಬಾಸುಂಡೆ ಬರುವಂತೆ ಹೊಡೆದವನಿಗೆ, ಮೊದಲ ಅಪರಾಧವಾದರೆ, ದಂಡ 10 ರೂಪಾಯಿಗಿಂತ ಕಡಿಮೆಯಿಲ್ಲ, 50 ರೂಪಾಯಿಗಿಂತ ಹೆಚ್ಚಿಲ್ಲ. ಮೂರು ವರ್ಷದೊಳಗೆ ಮತ್ತೆ ಅದೇ ಕೆಲಸ ಮಾಡಿದರೆ 25ರಿಂದ 100 ರೂಪಾಯಿ, ಇಲ್ಲವೇ ಮೂರು ತಿಂಗಳ ತನಕ ಸಜೆ, ಇಲ್ಲವೇ ಎರಡೂ. ಐವತ್ತು ರೂಪಾಯಿಗೆ ಈಗ ಒಳ್ಳೆಯ ಹೋಟೆಲಿನಲ್ಲಿ ಒಂದು ಮಸಾಲೆ ದೋಸೆಯೂ ಬರುವುದಿಲ್ಲ.

ನನ್ನ ಪ್ರಶ್ನೆ ಇಷ್ಟೇ. ಬೇರೆ ದೇಶಗಳಲ್ಲಿ ಇಂಥ ಕಾನೂನುಗಳು ಹೇಗೆ ಹುಟ್ಟಿದವು, ಹೇಗೆ ಬೆಳೆದವು? ದೊಡ್ಡ ದಂಡ ಹಾಕಿದ್ದರಿಂದಲೇ ಅಲ್ಲಿ ಪ್ರಾಣಿಗಳ ಪಾಡು ಸುಧಾರಿಸಿತೇ? ತಿಳಿದವರು ಬರೆಯಿರಿ. "ಜಗತ್ತಿಗೆ ದಯೆ ಕಲಿಸಿದವರೇ ನಾವು" ಎಂಬ ವಾಟ್ಸ್‌ಆ್ಯಪ್ ಸಂದೇಶಗಳನ್ನು ದಯವಿಟ್ಟು ಇಲ್ಲಿ ತಂದು ಸುರಿಯಬೇಡಿ.

ಹಳೇಮೇಷ್ಟ್ರು

ದಂಡದ ಮೊತ್ತ ಹಿಡಿದು ಹೊರಟರೆ ದಾರಿ ತಪ್ಪುತ್ತದೆ ಅನಿಸುತ್ತದೆ ನನಗೆ. ಇತಿಹಾಸ ಪಾಠ ಹೇಳಿ ನಿವೃತ್ತನಾದವನು, ಬರಹ ಉದ್ದವಾದರೆ ಸಹಿಸಿಕೊಳ್ಳಿ.

ಬ್ರಿಟನ್ನಿನಲ್ಲಿ ಗೂಳಿಯನ್ನು ಗೂಟಕ್ಕೆ ಕಟ್ಟಿ ಅದರ ಮೇಲೆ ನಾಯಿ ಛೂ ಬಿಡುವ ಆಟವಿತ್ತು. ಅದನ್ನು ನಿಲ್ಲಿಸಲು 1800ರಲ್ಲಿ ವಿಲಿಯಂ ಪುಲ್ಟ್‌ನಿ ಮಸೂದೆ ತಂದರು. ಬಿದ್ದುಹೋಯಿತು. 1809ರಲ್ಲಿ ಲಾರ್ಡ್ ಎರ್‌ಸ್ಕಿನ್ ತಂದ ಮಸೂದೆ ಮೇಲ್ಮನೆ ದಾಟಿ ಕೆಳಮನೆಯಲ್ಲಿ ಸೋತಿತು. ವಿರೋಧಿಸಿದವರಲ್ಲಿ ಮುಖ್ಯರಾದ ವಿಲಿಯಂ ವಿಂಡಂ ಅವರ ವಾದವನ್ನು ತಳ್ಳಿಹಾಕುವಂತಿಲ್ಲ: ಬಡವರ ಆಟಕ್ಕೆ ಕೈ ಹಾಕುತ್ತೀರಿ, ನಿಮ್ಮ ಸ್ವಂತ ಬೇಟೆಯ ಸುದ್ದಿಗೇ ಹೋಗುವುದಿಲ್ಲವಲ್ಲ, ಏಕೆ?

ಕೊನೆಗೆ 1822ರಲ್ಲಿ ಐರ್ಲೆಂಡಿನ ಗಾಲ್ವೇ ಕ್ಷೇತ್ರದ ರಿಚರ್ಡ್ ಮಾರ್ಟಿನ್ ಒಂದು ಕಾಯ್ದೆಯನ್ನು ಗೆಲ್ಲಿಸಿಕೊಂಡರು. ಕುದುರೆ, ಹೇಸರಗತ್ತೆ, ಕತ್ತೆ, ಎತ್ತು, ಹಸು, ಕುರಿಗಳನ್ನು ಕ್ರೂರವಾಗಿ ನಡೆಸಿಕೊಂಡರೆ ಹತ್ತು ಶಿಲ್ಲಿಂಗ್‌ನಿಂದ ಐದು ಪೌಂಡ್ ತನಕ ದಂಡ, ಕಟ್ಟದಿದ್ದರೆ ಮೂರು ತಿಂಗಳ ತನಕ ಸೆರೆ. ನಾಯಿ, ಬೆಕ್ಕಿಗೆ ಅದರಲ್ಲಿ ಜಾಗವಿರಲಿಲ್ಲ. ಗೂಳಿಯೂ ಅದರಡಿ ಬರುವುದಿಲ್ಲ ಎಂದು ನ್ಯಾಯಾಲಯಗಳು ಹೇಳಿದ್ದರಿಂದ ಆ ಆಟ 1835ರ ಹೊಸ ಕಾಯ್ದೆಯ ತನಕ ನಡೆದೇ ನಡೆಯಿತು. ಮಾರ್ಟಿನ್ ಸಾಧು ಸಂತರೇನಲ್ಲ. ದ್ವಂದ್ವಯುದ್ಧಕ್ಕೆ ಹೆಸರಾದವರು, ನರಿ ಬೇಟೆಯಾಡುತ್ತಿದ್ದವರು.

ಇನ್ನು ಮುಖ್ಯ ಸಂಗತಿಗೆ ಬರುತ್ತೇನೆ. ಕಾಯ್ದೆ ಬಂದಾಗ ಲಂಡನ್ನಿನಲ್ಲಿ ಈಗಿನಂಥ ಪೊಲೀಸ್ ಪಡೆಯೇ ಇರಲಿಲ್ಲ. ಅದು ಬಂದದ್ದು 1829ರಲ್ಲಿ. ಹಾಗಾದರೆ ಅಪರಾಧಿಯನ್ನು ಹಿಡಿದು ತರುವವರು ಯಾರು? ಮಾರ್ಟಿನ್ ತಾವೇ ಬೀದಿಗಿಳಿದರು. ಬಿಲ್ ಬರ್ನ್ಸ್ ಎಂಬ ತಳ್ಳುಗಾಡಿ ವ್ಯಾಪಾರಿ ಕತ್ತೆಯನ್ನು ಹೊಡೆದ ಪ್ರಕರಣದಲ್ಲಿ ಕತ್ತೆಯನ್ನೇ ನ್ಯಾಯಾಲಯದೊಳಗೆ ನಡೆಸಿಕೊಂಡು ಬಂದು ಅದರ ಗಾಯಗಳನ್ನು ತೋರಿಸಿದರಂತೆ. ಆ ದೃಶ್ಯದ ಚಿತ್ರ ಈಗಲೂ ಇದೆ: ಕಟಕಟೆ, ಹಲ್ಲು ಕಿರಿಯುವ ಜನ, ನಡುವೆ ಕತ್ತೆ. ಪತ್ರಿಕೆಗಳು ಅವರನ್ನು ಗೇಲಿ ಮಾಡಿ ಸುಸ್ತಾದವು.

ಒಬ್ಬ ಸಂಸದ ಎಷ್ಟು ಬೀದಿ ಸುತ್ತಬಲ್ಲ? 1824ರ ಜೂನ್ 16ರಂದು ಲಂಡನ್ನಿನ ಓಲ್ಡ್ ಸ್ಲಾಟರ್ಸ್ ಕಾಫಿ ಹೌಸ್ ಎಂಬಲ್ಲಿ ಕೆಲವರು ಸೇರಿ ಪ್ರಾಣಿದಯಾ ಸಂಘ ಕಟ್ಟಿದರು. ಪಾದ್ರಿ ಆರ್ಥರ್ ಬ್ರೂಮ್, ಗುಲಾಮಗಿರಿಯ ವಿರುದ್ಧ ಹೋರಾಡಿದ ವಿಲ್ಬರ್‌ಫೋರ್ಸ್ ಮತ್ತು ಬಕ್ಸ್‌ಟನ್, ಯೆಹೂದಿ ಚಿಂತಕ ಲೂಯಿಸ್ ಗಾಂಪರ್ಟ್ಸ್ ಅದರಲ್ಲಿದ್ದರು. ಬ್ರೂಮ್ ಚರ್ಚಿನ ಕೆಲಸ ಬಿಟ್ಟು, ಸ್ವಂತ ಖರ್ಚಿನಲ್ಲಿ ಸ್ಮಿತ್‌ಫೀಲ್ಡ್ ದನದ ಸಂತೆಗೆ ತಪಾಸಣೆಯ ಆಳುಗಳನ್ನು ನೇಮಿಸಿದರು. ಮೊದಲ ವರ್ಷವೇ ಅರವತ್ತಕ್ಕೂ ಹೆಚ್ಚು ಮಂದಿಯನ್ನು ನ್ಯಾಯಾಲಯಕ್ಕೆ ಎಳೆದರು. 1826ರಲ್ಲಿ ಸಂಘದ ಸಾಲಕ್ಕೆ ಬ್ರೂಮ್ ಅವರೇ ಜೈಲು ಸೇರಿದರು. 1840ರಲ್ಲಿ ವಿಕ್ಟೋರಿಯಾ ರಾಣಿ ಸಂಘಕ್ಕೆ ರಾಜಮನ್ನಣೆ ಕೊಟ್ಟಾಗ ಅವರು ಬದುಕಿರಲಿಲ್ಲ.

ನಾನು ಹೇಳುವುದು ಇಷ್ಟು: ಕಾಯ್ದೆಗೆ ಬೆಲೆ ಬರುವುದು ದೂರು ಹೊತ್ತು ತರುವ ಮನುಷ್ಯನಿಂದ. ಆ ಮನುಷ್ಯನಿಗೆ ಸಂಬಳ ಕೊಡುವವರು ಯಾರು ಎಂದು ಮೊದಲು ಕೇಳಿ, ದಂಡ ಎಷ್ಟು ಎಂದು ಆಮೇಲೆ ಕೇಳಿ.

ಕಬ್ಬಿನಗಾಡಿ

ಮೇಷ್ಟ್ರೇ, ಚೆನ್ನಾಗಿ ಬರೆದಿದ್ದೀರಿ. ಆದರೆ ನನ್ನ ಕಣ್ಣಿಗೆ ಬಿದ್ದದ್ದು ಬೇರೆ. ಸಂಸದ ನರಿ ಬೇಟೆಯಾಡುತ್ತಾನೆ, ಸೊಪ್ಪು ಮಾರುವವನ ಕತ್ತೆಗೆ ಕಾನೂನು ತರುತ್ತಾನೆ! ಮಂಡ್ಯದ ಕಡೆಯವನು ನಾನು, ಮನೆಯಲ್ಲಿ ಈಗಲೂ ಜೋಡೆತ್ತಿದೆ. ರಸ್ತೆಯಲ್ಲಿ ಹೋಗುವ ಗಾಡಿ ಎಲ್ಲರಿಗೂ ಕಾಣುತ್ತದೆ, ಫೋಟೊ ತೆಗೆಯುತ್ತಾರೆ. ಶೆಡ್ಡಿನೊಳಗೆ ಹತ್ತು ಸಾವಿರ ಕೋಳಿ ಇಟ್ಟವನ ಫೋಟೊ ಯಾರೂ ತೆಗೆಯುವುದಿಲ್ಲ. ಆ ನರಿ ಬೇಟೆ ಯಾವಾಗ ನಿಂತಿತು, ಅದನ್ನೂ ಹೇಳಿಬಿಡಿ.

ಹಳೇಮೇಷ್ಟ್ರು

ನಾಯಿಗಳನ್ನು ಬಿಟ್ಟು ನರಿ ಬೇಟೆಯಾಡುವುದನ್ನು ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ನಿಷೇಧಿಸಿದ್ದು 2004ರ ಕಾಯ್ದೆ, ಜಾರಿಯಾದದ್ದು 2005ರ ಫೆಬ್ರುವರಿಯಲ್ಲಿ. ಕತ್ತೆಯ ಕಾಯ್ದೆಗೂ ನರಿಯ ಕಾಯ್ದೆಗೂ ನಡುವೆ 182 ವರ್ಷ. ನಿಮ್ಮ ಮಾತು ಸರಿಯಾಗಿಯೇ ಇದೆ.

ಫ್ರಾನ್ಸಿನದು ಇನ್ನೂ ಸ್ಪಷ್ಟ. ಅಲ್ಲಿ 1850ರಲ್ಲಿ ಜನರಲ್ ಗ್ರಾಮೋಂ ತಂದ ಕಾನೂನು ಸಾಕುಪ್ರಾಣಿಗಳನ್ನು *ಸಾರ್ವಜನಿಕವಾಗಿ* ಹಿಂಸಿಸಿದರೆ ಮಾತ್ರ ಶಿಕ್ಷೆ ಎಂದಿತು: 5ರಿಂದ 15 ಫ್ರಾಂಕ್ ದಂಡ, ಒಂದರಿಂದ ಐದು ದಿನ ಸೆರೆ. ಬಾಗಿಲು ಹಾಕಿಕೊಂಡು ಹೊಡೆದರೆ ಕೇಳುವವರಿಲ್ಲ. ನೋಡುವವರ ಮನಸ್ಸು ಕೆಡಬಾರದು ಎಂಬುದು ಅದರ ಕಾಳಜಿಯಾಗಿತ್ತೇ ಹೊರತು ಕುದುರೆಯ ಬೆನ್ನಲ್ಲ. ಸಾರ್ವಜನಿಕ ಎಂಬ ಷರತ್ತು ಹೋದದ್ದು 1959ರಲ್ಲಿ.

ಕಪ್ಪುಕೋಟು

ವಕೀಲಿಕೆ ಮಾಡುವವಳಾಗಿ ಒಂದೆರಡು ಮಾತು. 50 ರೂಪಾಯಿಯನ್ನು ಎಲ್ಲರೂ ನೋಡುತ್ತಾರೆ, 31ನೇ ಸೆಕ್ಷನ್ ಯಾರೂ ನೋಡುವುದಿಲ್ಲ. 11ನೇ ಸೆಕ್ಷನ್‌ನ ಉದ್ದದ ಪಟ್ಟಿಯಲ್ಲಿ ಅಂಗಹೀನ ಮಾಡುವುದು ಅಥವಾ ಕ್ರೂರವಾಗಿ ಕೊಲ್ಲುವುದು, ಪ್ರಾಣಿಗಳನ್ನು ಕಾದಾಡಿಸುವ ಜಾಗ ನಡೆಸುವುದು ಮುಂತಾದ ಮೂರು ಉಪಖಂಡಗಳು, ಜೊತೆಗೆ ಹಾಲು ಹೆಚ್ಚಿಸಲು ಹಸುಗಳ ಮೇಲೆ ನಡೆಸುವ ಹಿಂಸೆಯ 12ನೇ ಸೆಕ್ಷನ್, ಇಷ್ಟು ಮಾತ್ರ ಸಂಜ್ಞೇಯ ಅಪರಾಧ. ಹೊಡೆಯುವುದು, ಮಿತಿಮೀರಿ ಹೊರೆ ಹೇರುವುದು, ಲಾರಿಯಲ್ಲಿ ಒತ್ತೊತ್ತಾಗಿ ತುಂಬುವುದು, ಹಸಿವಿನಲ್ಲಿ ಕಟ್ಟಿಹಾಕುವುದು ಎಲ್ಲವೂ ಅಸಂಜ್ಞೇಯ. ಅಂದರೆ ಮ್ಯಾಜಿಸ್ಟ್ರೇಟರ ಅಪ್ಪಣೆಯಿಲ್ಲದೆ ಪೊಲೀಸರು ತನಿಖೆಗೆ ಇಳಿಯುವಂತಿಲ್ಲ. ನೀವು ಠಾಣೆಗೆ ಹೋದರೆ ಎನ್‌ಸಿಆರ್ (ಅಸಂಜ್ಞೇಯ ಅಪರಾಧದ ವರದಿ) ಬರೆದುಕೊಂಡು ಹಿಂಬರಹ ಕೊಟ್ಟು ಕಳುಹಿಸುತ್ತಾರೆ. ಅದರ ಮೇಲೆ 36ನೇ ಸೆಕ್ಷನ್: ಅಪರಾಧ ನಡೆದ ಮೂರು ತಿಂಗಳೊಳಗೆ ಮೊಕದ್ದಮೆ ಹೂಡಬೇಕು. ಎನ್‌ಸಿಆರ್ ಹಿಡಿದು ಓಡಾಡುವಷ್ಟರಲ್ಲಿ ಮೂರು ತಿಂಗಳು ಎಲ್ಲಿ ಹೋಯಿತೋ ತಿಳಿಯುವುದಿಲ್ಲ.

ಪ್ರಾಣಿಯನ್ನು ಕೊಂದ, ವಿಷ ಹಾಕಿದ, ಅಂಗಭಂಗ ಮಾಡಿದ ಪ್ರಕರಣಗಳಿಗೆ ಭಾರತೀಯ ನ್ಯಾಯ ಸಂಹಿತೆಯ 325ನೇ ಸೆಕ್ಷನ್ ಇದೆ, ಐದು ವರ್ಷದ ತನಕ ಸಜೆ. ಆದ್ದರಿಂದ ದೂರು ಬರೆಯುವಾಗ ಗಾಯದ ವಿವರ ಮುಖ್ಯ. "ಹೊಡೆದರು" ಎಂದಷ್ಟೇ ಬರೆದರೆ ಐವತ್ತು ರೂಪಾಯಿ, "ಕಾಲು ಮುರಿದಿದೆ" ಎಂದು ಪಶುವೈದ್ಯರ ಪ್ರಮಾಣಪತ್ರ ಸೇರಿಸಿದರೆ ಕಥೆಯೇ ಬೇರೆ.

2022ರ ನವೆಂಬರಿನಲ್ಲಿ 1960ರ ಕಾಯ್ದೆಗೆ ತಿದ್ದುಪಡಿಯ ಕರಡನ್ನು ಕೇಂದ್ರ ಸರ್ಕಾರ ಸಾರ್ವಜನಿಕರ ಮುಂದಿಟ್ಟಿತ್ತು. ದಂಡ ಏರಿಸುವ ಮಾತು ಅದರಲ್ಲಿತ್ತು, ಪತ್ರಿಕೆಗಳೂ ಅದನ್ನೇ ತಲೆಬರಹ ಮಾಡಿದವು.

ಮೊಳಕಾಲ್ಮೂರು

ವಾಟ್ಸ್‌ಆ್ಯಪ್ ಅಲ್ಲ, ಬಂಡೆಯ ಮೇಲಿರುವುದನ್ನೇ ಹೇಳುತ್ತೇನೆ. ನಮ್ಮ ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ ಅಶೋಕನ ಶಾಸನವಿದೆ: ತಂದೆತಾಯಿಯ ಮಾತು ಕೇಳಬೇಕು, ಪ್ರಾಣಿಗಳ ವಿಷಯದಲ್ಲಿ ದೃಢವಾಗಿ ನಡೆದುಕೊಳ್ಳಬೇಕು, ಸತ್ಯ ನುಡಿಯಬೇಕು. ಐದನೆಯ ಸ್ತಂಭ ಶಾಸನವಂತೂ ಪಕ್ಕಾ ಕಾಯ್ದೆಯ ಹಾಗೆಯೇ ಇದೆ. ಗಿಣಿ, ಗೊರವಂಕದಿಂದ ಹಿಡಿದು ಕೊಲ್ಲಬಾರದ ಪ್ರಾಣಿಗಳ ಪಟ್ಟಿ. ಗಬ್ಬವಾದ ಅಥವಾ ಹಾಲೂಡುವ ಆಡು, ಕುರಿ, ಹಂದಿಗಳನ್ನು ಕೊಲ್ಲಬಾರದು. ಇಂತಿಂಥ ದಿನ ಮೀನು ಹಿಡಿಯಬಾರದು, ಹೋರಿಯ ಬೀಜ ಒಡೆಯಬಾರದು, ಕುದುರೆಗೆ ಬರೆ ಹಾಕಬಾರದು. ಇದನ್ನು ಲೆಕ್ಕಕ್ಕೇ ತೆಗೆದುಕೊಳ್ಳದೆ 1822ರಿಂದ ಶುರು ಮಾಡುವುದು ಯಾವ ನ್ಯಾಯ?

ಹಳೇಮೇಷ್ಟ್ರು

ಮೊಳಕಾಲ್ಮೂರಿನವರೇ, ಅಶೋಕನ ಶಾಸನಗಳಲ್ಲಿ ನನಗೆ ಬಹಳ ಇಷ್ಟವಾದದ್ದು ಮೊದಲನೆಯ ಬಂಡೆ ಶಾಸನ. ಹಿಂದೆ ಅರಮನೆಯ ಅಡುಗೆಮನೆಗೆ ದಿನಾ ಲಕ್ಷಗಟ್ಟಲೆ ಪ್ರಾಣಿಗಳನ್ನು ಕೊಲ್ಲುತ್ತಿದ್ದರು, ಈಗ ಮೂರೇ ಮೂರು: ಎರಡು ನವಿಲು, ಒಂದು ಜಿಂಕೆ, ಆ ಜಿಂಕೆಯೂ ನಿತ್ಯವಲ್ಲ ಎನ್ನುತ್ತಾನೆ. ಇಂಥ ಪ್ರಾಮಾಣಿಕತೆ ಇಂದಿನ ಯಾವ ಸರ್ಕಾರಿ ಪ್ರಕಟಣೆಯಲ್ಲಿದೆ?

ಆದರೆ ದೊರೆಯ ದಯೆಗೆ ದೊರೆಯಷ್ಟೇ ಆಯುಸ್ಸು. ಜಪಾನಿನಲ್ಲಿ ತೋಕುಗಾವಾ ತ್ಸುನಾಯೋಶಿ ಎಂಬ ಶೋಗುನ್ ಇದ್ದ. ಜೀವಿಗಳಿಗೆ ದಯೆ ತೋರಬೇಕೆಂದು ಆಜ್ಞೆಯ ಮೇಲೆ ಆಜ್ಞೆ ಹೊರಡಿಸಿ, ಬೀದಿನಾಯಿಗಳಿಗೆ ಸರ್ಕಾರದ ಖರ್ಚಿನಲ್ಲಿ ದೊಡ್ಡ ದೊಡ್ಡ ಕೊಟ್ಟಿಗೆ ಕಟ್ಟಿಸಿ, ನಾಯಿ ಶೋಗುನ್ ಎಂದೇ ಅಡ್ಡಹೆಸರು ಪಡೆದ. 1709ರಲ್ಲಿ ಆತ ಸತ್ತ ಕೂಡಲೇ ಉತ್ತರಾಧಿಕಾರಿ ಆ ಆಜ್ಞೆಗಳನ್ನು ರದ್ದು ಮಾಡಿದ. 1824ರ ಸಂಘ ಮಾತ್ರ ಬ್ರೂಮ್ ಜೈಲಿಗೆ ಹೋದರೂ, ಮಾರ್ಟಿನ್ ಸಂಸತ್ ಸ್ಥಾನ ಕಳೆದುಕೊಂಡು ಫ್ರಾನ್ಸಿನಲ್ಲಿ ತೀರಿಕೊಂಡರೂ ಮುಂದುವರಿಯಿತು. ನಾನು 1822ನ್ನು ಮೊದಲಿಟ್ಟದ್ದು ಈ ಕಾರಣಕ್ಕೆ. ದಯೆ ಅಲ್ಲಿ ಹುಟ್ಟಿತು ಎಂದು ನಾನು ಹೇಳಿಲ್ಲ.

ಪಶುವೈದ್ಯೆ_ಧಾರವಾಡ

ಕಬ್ಬಿನಗಾಡಿ ಅಣ್ಣನವರಿಗೆ ಒಂದು ಮಾತು. ನಿಮ್ಮ ಜೋಡೆತ್ತಿಗೆ 1965ರಲ್ಲೇ ನಿಯಮ ಆಗಿದೆ, ಗೊತ್ತೇ? ಗಾಡಿ ಎಳೆಯುವ ಮತ್ತು ಹೇರು ಹೊರುವ ಪ್ರಾಣಿಗಳ ನಿಯಮಗಳು. ದಿನಕ್ಕೆ ಒಟ್ಟು ಒಂಬತ್ತು ಗಂಟೆ ಮೀರುವಂತಿಲ್ಲ, ನಡುವೆ ವಿಶ್ರಾಂತಿ ಕೊಡದೆ ಐದು ಗಂಟೆಗಿಂತ ಹೆಚ್ಚು ದುಡಿಸುವಂತಿಲ್ಲ. ತಾಪಮಾನ 37 ಡಿಗ್ರಿ ಸೆಲ್ಸಿಯಸ್ ದಾಟುವ ಊರುಗಳಲ್ಲಿ ಮಧ್ಯಾಹ್ನ 12ರಿಂದ 3ರ ತನಕ ಗಾಡಿ ಕಟ್ಟುವಂತಿಲ್ಲ. ಮೊಳೆ ಹೊಡೆದ ಬಾರುಕೋಲು ನಿಷಿದ್ಧ. ಓದಿದರೆ ಎತ್ತನ್ನು ಬಲ್ಲವರೇ ಬರೆದಂತಿದೆ.

ನಮ್ಮಲ್ಲಿಗೆ ಬರುವ ಎತ್ತುಗಳ ಹೆಗಲು ಮುಟ್ಟಿ ನೋಡಿದರೆ ನಿಯಮ ಎಷ್ಟು ನಡೆಯುತ್ತಿದೆ ಎಂದು ತಿಳಿಯುತ್ತದೆ. ನೊಗ ಕೂರುವ ಜಾಗದಲ್ಲಿ ಮೊದಲು ಕೂದಲು ಉದುರುತ್ತದೆ, ಚರ್ಮ ಬಿಸಿಯಾಗಿ ಬಾವು ಬರುತ್ತದೆ. ಆಗಲೇ ನಾಲ್ಕಾರು ದಿನ ನೊಗ ಬಿಡಿಸಿದರೆ ಇಳಿದುಹೋಗುತ್ತದೆ. ಬಿಡಿಸದಿದ್ದರೆ ಚರ್ಮ ದಡ್ಡುಗಟ್ಟಿ, ಒಳಗೆ ಕೀವಾಗಿ, ಕೊನೆಗೆ ಕತ್ತಿ ಹಾಕಬೇಕಾಗುತ್ತದೆ. ರೈತರಿಗೆ ಇದು ತಿಳಿಯದ್ದಲ್ಲ. ಕಾರ್ಖಾನೆಯ ಸರದಿಯಲ್ಲಿ ಗಾಡಿ ನಿಲ್ಲಿಸಿಕೊಂಡವನು ಇವತ್ತು ಕಬ್ಬು ತೂಕಕ್ಕೆ ಹಾಕದಿದ್ದರೆ ನಾಳೆ ಒಣಗಿ ತೂಕ ಇಳಿಯುತ್ತದೆ. ಎತ್ತಿನ ಹೆಗಲ ಮೇಲಿನ ಹುಣ್ಣಿಗೆ ಕಾರಣ ಬಾರುಕೋಲು ಹಿಡಿದವನೊಬ್ಬನೇ ಅಲ್ಲ, ಸರದಿ ನಿರ್ವಹಿಸುವ ಕಚೇರಿಯೂ ಹೌದು. ಕಾಯ್ದೆಗೆ ಆ ಕಚೇರಿ ಕಾಣುವುದೇ ಇಲ್ಲ.

ಕಬ್ಬಿನಗಾಡಿ

ಅಮ್ಮಾ, ಈ ಮಾತು ಬರೆದಿದ್ದಕ್ಕೆ ನಿಮಗೆ ನಮಸ್ಕಾರ. 37 ಡಿಗ್ರಿ ನಿಯಮ ಇವತ್ತೇ ಕೇಳಿದ್ದು. ನಮ್ಮ ಸರದಿಯಲ್ಲಿ ಉಷ್ಣಮಾಪಕ ಹಿಡಿದು ನಿಂತವರನ್ನು ನಾನಂತೂ ಕಂಡಿಲ್ಲ.

ಬೆಂಗಳೂರು ಬೆಕ್ಕು

ಅಮೆರಿಕದ ಕಥೆ ಯಾರೂ ಹೇಳಲಿಲ್ಲ. ಅಲ್ಲಿ ಮೇರಿ ಎಲೆನ್ ಎಂಬ ಹುಡುಗಿಗೆ ಸಾಕುತಾಯಿ ಹೊಡೆಯುತ್ತಿದ್ದಳು. ಮಕ್ಕಳನ್ನು ಕಾಪಾಡುವ ಕಾನೂನೇ ಇರಲಿಲ್ಲವಾದ್ದರಿಂದ, ಆಕೆಯೂ ಒಂದು ಪ್ರಾಣಿ ಎಂದು ವಾದಿಸಿ ಪ್ರಾಣಿಗಳ ಕಾನೂನಿನಡಿ ಬಿಡಿಸಿಕೊಂಡರು. ಎಂಥ ವಿಪರ್ಯಾಸ ನೋಡಿ.

ಕಪ್ಪುಕೋಟು

ಈ ಕಥೆ ಎಲ್ಲೆಲ್ಲೂ ಓಡಾಡುತ್ತದೆ, ಕೇಳಲು ಚೆನ್ನಾಗಿದೆ, ಆದರೆ ನಡೆದದ್ದು ಹಾಗಲ್ಲ. ಹೆನ್ರಿ ಬರ್ಗ್ 1866ರಲ್ಲಿ ನ್ಯೂಯಾರ್ಕಿನಲ್ಲಿ ಅಮೆರಿಕದ ಮೊದಲ ಪ್ರಾಣಿದಯಾ ಸಂಘ ಕಟ್ಟಿದರು. ಮರುವರ್ಷವೇ ಗಾಯಗೊಂಡ ಕುದುರೆಗಳಿಗೆ ಆಂಬುಲೆನ್ಸ್ ಗಾಡಿ ಓಡಿಸಿದರು. 1874ರಲ್ಲಿ ಎಟ್ಟಾ ವೀಲರ್ ಎಂಬ ಸಮಾಜಸೇವಕಿ ಮೇರಿ ಎಲೆನ್ ವಿಷಯ ಹಿಡಿದು ಹಲವರ ಬಾಗಿಲು ತಟ್ಟಿ ಕೊನೆಗೆ ಬರ್ಗ್ ಬಳಿ ಬಂದರು. ಸಂಘದ ವಕೀಲ ಎಲ್ಬ್ರಿಜ್ ಗೆರ್ರಿ ಆ ಮಗುವನ್ನು ಹೇಬಿಯಸ್ ಕಾರ್ಪಸ್ ಮೂಲಕ ನ್ಯಾಯಾಲಯಕ್ಕೆ ಕರೆತಂದರು. ಹುಡುಗಿ ಪ್ರಾಣಿ ಎಂದು ಯಾರೂ ವಾದಿಸಲಿಲ್ಲ. ಸಾಕುತಾಯಿಗೆ ಒಂದು ವರ್ಷ ಜೈಲಾಯಿತು.

ಮಗುವನ್ನು ಹೊಡೆಯುವುದು ಆಗಲೂ ಅಪರಾಧವೇ ಆಗಿತ್ತು. ಕಾನೂನು ಇತ್ತು, ಅದನ್ನು ಹಿಡಿದು ಮುಂದೆ ಬರುವ ಸಂಸ್ಥೆ ಇರಲಿಲ್ಲ. ಕುದುರೆಗೆ ಅಂಥ ಸಂಸ್ಥೆ ಇತ್ತು, ಮಗುವಿಗೆ ಇರಲಿಲ್ಲ! ಆ ಪ್ರಕರಣದ ಬೆನ್ನಿಗೇ ನ್ಯೂಯಾರ್ಕಿನಲ್ಲಿ ಮಕ್ಕಳ ರಕ್ಷಣೆಗೆ ಪ್ರತ್ಯೇಕ ಸಂಘ ಹುಟ್ಟಿತು. ಮೇಷ್ಟ್ರ ವಾದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ನನಗೆ ತೋಚುತ್ತಿಲ್ಲ.

ಆಲ್ಪ್ಸ್ ಕನ್ನಡಿಗ

ಜ್ಯೂರಿಕ್‌ನಿಂದ ಬರೆಯುತ್ತಿದ್ದೇನೆ. ಇಲ್ಲಿ ಗಿನಿಹಂದಿಯಂಥ ಗುಂಪುಜೀವಿಯನ್ನು ಒಂಟಿಯಾಗಿ ಸಾಕುವುದು 2008ರ ನಿಯಮಗಳ ಪ್ರಕಾರ ತಪ್ಪು. 2018ರಿಂದ ಲಾಬ್‌ಸ್ಟರನ್ನು ಜೀವಂತ ಕುದಿಯುವ ನೀರಿಗೆ ಹಾಕುವಂತಿಲ್ಲ, ಮೊದಲು ಪ್ರಜ್ಞೆ ತಪ್ಪಿಸಬೇಕು. ಇಲ್ಲಿಗೆ ಬಂದ ಹೊಸತರಲ್ಲಿ ಇದೆಲ್ಲ ಅತಿರೇಕ ಅನಿಸುತ್ತಿತ್ತು.

"ದೂರು ತರುವವರು ಯಾರು" ಎಂಬ ಪ್ರಶ್ನೆಗೆ ಜ್ಯೂರಿಕ್ ಪ್ರಾಂತ 1992ರಲ್ಲಿ ಒಂದು ಉತ್ತರ ಕಂಡುಕೊಂಡಿತ್ತು: ಪ್ರಾಣಿಗಳ ಪರವಾಗಿ ವಾದಿಸಲು ಒಬ್ಬ ಅಧಿಕೃತ ವಕೀಲ. ಆಂಟೋನ್ ಗೋಟ್ಶೆಲ್ ಎಂಬುವವರು ಆ ಹುದ್ದೆಯಲ್ಲಿದ್ದಾಗ ಒಂದು ಮೀನಿನ ಪರವಾಗಿ ನಿಂತರು. ದೊಡ್ಡ ಪೈಕ್ ಮೀನು, ಗಾಳ ಹಾಕಿದವನು ಸುಮಾರು ಹತ್ತು ನಿಮಿಷ ಅದರೊಂದಿಗೆ ಸೆಣಸಿ ಎಳೆದಿದ್ದ, ಅದು ಅನಗತ್ಯ ಹಿಂಸೆ ಎಂಬುದು ಆರೋಪ. ಗಾಳದವನು ಗೆದ್ದ. ಪತ್ರಿಕೆಗಳು ನಕ್ಕವು. 2010ರ ಮಾರ್ಚಿನಲ್ಲಿ ಇಂಥ ವಕೀಲರು ದೇಶದ ಎಲ್ಲ ಪ್ರಾಂತಗಳಲ್ಲೂ ಬೇಕೇ ಎಂದು ಜನಮತ ಕೇಳಿದಾಗ ಶೇಕಡಾ 70ರಷ್ಟು ಮತದಾರರು ಬೇಡ ಎಂದರು. ಅದೇ ವರ್ಷ ಜ್ಯೂರಿಕ್‌ನ ಹುದ್ದೆಯೂ ಹೋಯಿತು. ಗಿನಿಹಂದಿಗೆ ಜೊತೆಗಾರನನ್ನು ಕೊಡಲು ಒಪ್ಪುವ ಜನ ವಕೀಲನನ್ನು ಕೊಡಲು ಒಪ್ಪಲಿಲ್ಲ.

ಇನ್ನೊಂದು ಮಾತು, ಹೇಳದಿದ್ದರೆ ತಪ್ಪಾಗುತ್ತದೆ. ಪ್ರಜ್ಞೆ ತಪ್ಪಿಸದೆ ಪ್ರಾಣಿವಧೆ ಮಾಡಬಾರದೆಂದು 1893ರಲ್ಲಿ ಇಲ್ಲಿ ಜನಮತದಿಂದಲೇ ನಿಷೇಧ ಬಂತು. ಅದರ ಹಿಂದೆ ದನದ ಮೇಲಿನ ಮಮತೆ ಎಷ್ಟಿತ್ತೋ, ಯೆಹೂದಿಗಳ ಮೇಲಿನ ದ್ವೇಷವೂ ಅಷ್ಟೇ ಇತ್ತು ಎಂದು ಇಲ್ಲಿನ ಇತಿಹಾಸಕಾರರೇ ಬರೆಯುತ್ತಾರೆ.

ಹಳೇಮೇಷ್ಟ್ರು

ಆಲ್ಪ್ಸಿನವರು ಆ ಬಾಗಿಲು ತೆರೆದದ್ದು ಒಳ್ಳೆಯದಾಯಿತು. ತನ್ನ ಕಾಲಕ್ಕೆ ಜಗತ್ತಿನಲ್ಲೇ ವಿಸ್ತಾರವಾದ ಪ್ರಾಣಿರಕ್ಷಣಾ ಕಾನೂನುಗಳಲ್ಲಿ ಒಂದನ್ನು ತಂದವರು ನಾಜಿಗಳು, 1933ರ ನವೆಂಬರ್ 24ರಂದು. ಅದಕ್ಕೆ ಏಳು ತಿಂಗಳ ಮುಂಚೆ, ಏಪ್ರಿಲ್‌ನಲ್ಲಿ, ಯೆಹೂದಿ ಪದ್ಧತಿಯ ಪ್ರಾಣಿವಧೆಯನ್ನು ನಿಷೇಧಿಸಿದ್ದರು. 1942ರ ಫೆಬ್ರುವರಿಯಲ್ಲಿ ಯೆಹೂದಿಗಳು ಸಾಕುಪ್ರಾಣಿ ಇಟ್ಟುಕೊಳ್ಳುವಂತಿಲ್ಲ ಎಂದು ಆಜ್ಞೆಯಾಯಿತು. ಡ್ರೆಸ್ಡೆನ್‌ನ ಪ್ರಾಧ್ಯಾಪಕ ವಿಕ್ಟರ್ ಕ್ಲೆಂಪರರ್ ಮತ್ತು ಅವರ ಹೆಂಡತಿ ಸಾಕಿದ್ದ ಬೆಕ್ಕು ಮುಶೆಲ್. ಅದನ್ನು ಬೇರೆಯವರಿಗೆ ಕೊಡುವಂತೆಯೂ ಇರಲಿಲ್ಲ. ಅಧಿಕಾರಿಗಳ ಕೈಗೆ ಒಪ್ಪಿಸುವ ಬದಲು ಅವರೇ ಅದನ್ನು ವೈದ್ಯರ ಬಳಿ ಒಯ್ದು ಸಾಯಿಸಿಕೊಂಡು ಬಂದರು.

ಕಾಯ್ದೆಯ ಪುಸ್ತಕ ನೋಡಿ ಒಂದು ದೇಶದ ಕರುಣೆಯನ್ನು ಅಳೆಯಲು ಹೊರಟವರಿಗೆ ನಾನು ಈ ಬೆಕ್ಕಿನ ಸಂಗತಿ ಹೇಳುತ್ತೇನೆ. ಜರ್ಮನಿ 2002ರಲ್ಲಿ ಪ್ರಾಣಿರಕ್ಷಣೆಯನ್ನು ಸಂವಿಧಾನದ 20ಎ ವಿಧಿಗೆ ಸೇರಿಸಿತು. ಅದು ಬೇರೆಯದೇ ಜರ್ಮನಿ.

ಬೆಂಗಳೂರು ಬೆಕ್ಕು

ನನ್ನ ಹೆಸರಿಗೆ ಇದನ್ನು ಓದಿ ಏನು ಬರೆಯಬೇಕೋ ತಿಳಿಯುತ್ತಿಲ್ಲ.

ಕರಾವಳಿ ಕೋಣ

ಇಷ್ಟು ಹೊತ್ತು ಸುಮ್ಮನಿದ್ದೆ. ದ್ವೇಷದಿಂದ ಬಂದ ಕಾನೂನಿನ ಮಾತು ಬಂತಲ್ಲ, ನಮ್ಮ ಊರಿನದೂ ಕೇಳಿ. 2014ರ ಮೇ 7ರಂದು ಸುಪ್ರೀಂ ಕೋರ್ಟ್ ಜಲ್ಲಿಕಟ್ಟು ಮತ್ತು ಎತ್ತಿನ ಗಾಡಿ ಓಟಗಳ ವಿರುದ್ಧ ತೀರ್ಪು ಕೊಟ್ಟಿತು. 2016ರ ನವೆಂಬರಿನಲ್ಲಿ ಹೈಕೋರ್ಟಿನ ಮಧ್ಯಂತರ ಆದೇಶದಿಂದ ಕಂಬಳ ನಿಂತಿತು. ಕೋಣ ಓಡುವ ಕೆಸರುಗದ್ದೆಯಾದ ಕರೆಗೆ ಮಣ್ಣು ಹದ ಮಾಡಿ ನೀರು ಬಿಟ್ಟು ಸಿದ್ಧವಾಗಿದ್ದವರು ತಲೆಗೆ ಕೈ ಹೊತ್ತು ಕೂತೆವು. ಕೋಣಕ್ಕೆ ನಾವು ಹುರುಳಿ ಬೇಯಿಸಿ ತಿನ್ನಿಸುತ್ತೇವೆ, ಎಣ್ಣೆ ತಿಕ್ಕುತ್ತೇವೆ, ಈಜಾಡಿಸುತ್ತೇವೆ. ಕೋಣ ಸಾಕುವ ಮನೆಯ ಖರ್ಚನ್ನು ದೂರು ಕೊಟ್ಟವರು ಒಮ್ಮೆ ನೋಡಲಿ. ರಾಜ್ಯ ಸರ್ಕಾರ 2017ರಲ್ಲಿ ತಿದ್ದುಪಡಿ ತಂದಿತು, ರಾಷ್ಟ್ರಪತಿಗಳ ಅಂಕಿತವೂ ಸಿಕ್ಕಿತು, 2023ರ ಮೇ 18ರಂದು ಐವರು ನ್ಯಾಯಮೂರ್ತಿಗಳ ಸಂವಿಧಾನ ಪೀಠ ತಮಿಳುನಾಡು, ಮಹಾರಾಷ್ಟ್ರದ ತಿದ್ದುಪಡಿಗಳ ಜೊತೆಗೆ ನಮ್ಮದನ್ನೂ ಎತ್ತಿಹಿಡಿಯಿತು. ಮಾತು ಮುಗಿಯಿತು.

ಪಶುವೈದ್ಯೆ_ಧಾರವಾಡ

ಮುಗಿಯಿತೇ? ಹುರುಳಿ, ಎಣ್ಣೆ ಎಲ್ಲ ಒಪ್ಪಿದೆ. ಕಂಬಳದ ಹಗ್ಗದ ವಿಭಾಗದಲ್ಲಿ ಓಡುವಾಗ ಬೆನ್ನ ಮೇಲೆ ಬೆತ್ತ ಆಡುತ್ತದೆಯೋ ಇಲ್ಲವೋ, ಅದಷ್ಟು ಹೇಳಿ ಅಣ್ಣ. ತಿದ್ದುಪಡಿ ಓಟಕ್ಕೆ ಅನುಮತಿ ಕೊಟ್ಟಿದೆ, ಅನಗತ್ಯ ನೋವಿಗೆ ಕೊಟ್ಟಿಲ್ಲ.

ಕರಾವಳಿ ಕೋಣ

ಆಡುತ್ತದೆ. ಮೊದಲಿಗಿಂತ ಕಡಿಮೆಯಾಗಿದೆ, ತೀರ್ಪುಗಾರರೂ ಎಚ್ಚರಿಸುತ್ತಾರೆ. ಒಳ್ಳೆಯ ಕೋಣಕ್ಕೆ ಬೆತ್ತ ಬೇಕಾಗಿಲ್ಲ ಎಂದು ನಮ್ಮ ಹಿರಿಯರೇ ಹೇಳುತ್ತಾರೆ. ಆದರೆ ವರ್ಷಕ್ಕೆ ಕೆಲವೇ ನಿಮಿಷ ಓಡುವ ಕೋಣದ ಬೆನ್ನು ನೋಡುವವರು ಹುಟ್ಟಿದ ದಿನದಿಂದ ಪಂಜರದಲ್ಲಿರುವ ಕೋಳಿಯನ್ನೂ ನೋಡಲಿ ಎಂದು ಕಬ್ಬಿನಗಾಡಿಯವರು ಹೇಳಿದ್ದನ್ನೇ ನಾನೂ ಹೇಳುತ್ತೇನೆ.

ಕಪ್ಪುಕೋಟು

ಇಬ್ಬರಿಗೂ ಉತ್ತರ ಒಂದೇ ಕಡೆ ಸಿಗುತ್ತದೆ. 1964ರಲ್ಲಿ ರೂತ್ ಹ್ಯಾರಿಸನ್ ಎಂಬ ಬ್ರಿಟಿಷ್ ಮಹಿಳೆ ಕಾರ್ಖಾನೆ ಮಾದರಿಯ ಪಶುಸಾಕಣೆಯ ಬಗ್ಗೆ ಒಂದು ಪುಸ್ತಕ ಬರೆದರು. ಗದ್ದಲವಾಗಿ ಸರ್ಕಾರ ಸಮಿತಿ ನೇಮಿಸಿತು. ಬ್ರಾಂಬೆಲ್ ಸಮಿತಿ 1965ರಲ್ಲಿ ಹೇಳಿದ್ದು ಬಹಳ ಸಣ್ಣ ಮಾತು: ಪ್ರಾಣಿಗೆ ಎದ್ದು ನಿಲ್ಲಲು, ಮಲಗಲು, ತಿರುಗಲು, ಮೈ ನೆಕ್ಕಿಕೊಳ್ಳಲು, ಕೈಕಾಲು ಚಾಚಲು ಜಾಗ ಇರಬೇಕು. ಇದೇ 1979ರ ಹೊತ್ತಿಗೆ "ಐದು ಸ್ವಾತಂತ್ರ್ಯಗಳು" ಆಯಿತು: ಹಸಿವು ಬಾಯಾರಿಕೆಯಿಂದ, ಅನನುಕೂಲದಿಂದ, ನೋವು ರೋಗದಿಂದ, ಭಯ ಸಂಕಟದಿಂದ ಮುಕ್ತಿ, ಸಹಜವಾಗಿ ನಡೆದುಕೊಳ್ಳುವ ಅವಕಾಶ. ಐರೋಪ್ಯ ಒಕ್ಕೂಟ 1999ರಲ್ಲಿ ನಿರ್ದೇಶನ ಹೊರಡಿಸಿ, 2012ರ ಜನವರಿಯಿಂದ ಮೊಟ್ಟೆಕೋಳಿಯ ಬರಿಯ ಪಂಜರಗಳನ್ನು ನಿಷೇಧಿಸಿತು. ಅದಕ್ಕೂ ಮುಂಚೆ ಕೋಳಿಯೊಂದಕ್ಕೆ ಕನಿಷ್ಠ 550 ಚದರ ಸೆಂಟಿಮೀಟರ್ ಸಾಕಿತ್ತು. ಮೇಜಿನ ಮೇಲಿನ ಎ4 ಹಾಳೆ ಇದಕ್ಕಿಂತ ದೊಡ್ಡದು.

2014ರ ತೀರ್ಪಿನಲ್ಲಿ ನ್ಯಾಯಮೂರ್ತಿ ಕೆ.ಎಸ್. ರಾಧಾಕೃಷ್ಣನ್ ಅವರು ಇದೇ ಐದು ಸ್ವಾತಂತ್ರ್ಯಗಳನ್ನು ನಮ್ಮ ಕಾಯ್ದೆಯ 3 ಮತ್ತು 11ನೇ ಸೆಕ್ಷನ್‌ಗಳೊಳಗೆ ಓದಿದರು. ಅಂದರೆ ಅಲ್ಲಿ ಕೋಳಿಗಾಗಿ, ಕರುವಿಗಾಗಿ ಹುಟ್ಟಿದ ಮಾತು ಇಲ್ಲಿ ಮೊದಲು ಬಳಕೆಯಾದದ್ದು ಹಬ್ಬದ ಹೋರಿಗೆ. ಕೋಳಿ ಇನ್ನೂ ಕಾಯುತ್ತಿದೆ.

ಹಳೇಮೇಷ್ಟ್ರು

ಭಾರತದ ಸಂಘಗಳ ಮಾತೂ ಇರಲಿ. ನ್ಯೂಯಾರ್ಕಿಗಿಂತ ಐದು ವರ್ಷ ಮುಂಚೆಯೇ, 1861ರಲ್ಲಿ, ಕಲ್ಕತ್ತದಲ್ಲಿ ಕೋಲ್ಸ್‌ವರ್ದಿ ಗ್ರಾಂಟ್ ಎಂಬ ಚಿತ್ರಕಾರ ಪ್ರಾಣಿದಯಾ ಸಂಘ ಕಟ್ಟಿದ. ಬೊಂಬಾಯಿಯದು 1874ರದು. 1890ರಲ್ಲಿ ಬ್ರಿಟಿಷ್ ಸರ್ಕಾರದ ಕಾಯ್ದೆ ಬಂತು. ಸ್ವಾತಂತ್ರ್ಯದ ನಂತರ, ನೃತ್ಯಕ್ಕೆ ಹೆಸರಾದ ರುಕ್ಮಿಣೀದೇವಿ ಅರುಂಡೇಲ್ ಅವರು ರಾಜ್ಯಸಭೆಗೆ ನಾಮಕರಣಗೊಂಡು ಖಾಸಗಿ ಮಸೂದೆ ಮಂಡಿಸಿದರು. ಸರ್ಕಾರವೇ ತರುತ್ತದೆ ಎಂದು ನೆಹರೂ ಮಾತು ಕೊಟ್ಟ ಮೇಲೆ ಹಿಂತೆಗೆದುಕೊಂಡರು. 1960ರ ಕಾಯ್ದೆಯಾದದ್ದು ಹಾಗೆ. 1962ರಲ್ಲಿ ಪ್ರಾಣಿ ಕಲ್ಯಾಣ ಮಂಡಳಿ ರಚನೆಯಾಗಿ ಅವರೇ ಮೊದಲ ಅಧ್ಯಕ್ಷೆಯಾದರು. ಸರ್ಕಾರದ ಹಣದಲ್ಲಿ ಇಂಥ ಮಂಡಳಿಯನ್ನು ಕಾಯ್ದೆಯೊಳಗೇ ಇಟ್ಟದ್ದು ಆ ಕಾಲಕ್ಕೆ ಸಣ್ಣ ಸಂಗತಿಯಲ್ಲ.

ಸಂಸ್ಥೆ ಗಟ್ಟಿಯಾಗಿದ್ದರೆ ಏನಾಗುತ್ತದೆ ಎಂಬುದಕ್ಕೆ ಬೆಂಗಳೂರಿನ ಪಕ್ಕದಲ್ಲೇ ಉದಾಹರಣೆ ಇದೆ. ಕರಡಿ ಹಿಡಿದು ಕುಣಿಸುವುದು 1972ರ ವನ್ಯಜೀವಿ ಕಾಯ್ದೆಯಿಂದಲೇ ಅಪರಾಧ. ಆದರೂ ಮೂಗು ಚುಚ್ಚಿ ಹಗ್ಗ ಪೋಣಿಸಿದ ಕರಡಿ ನಮ್ಮ ಬೀದಿಗಳಲ್ಲಿ ಮತ್ತೂ ಮೂರು ದಶಕಕ್ಕೂ ಹೆಚ್ಚು ಕಾಲ ಕುಣಿಯಿತು. ಅದು ನಿಂತದ್ದು ವೈಲ್ಡ್‌ಲೈಫ್ ಎಸ್‌ಒಎಸ್ ಸಂಸ್ಥೆ ಕರಡಿಗೆ ಬನ್ನೇರುಘಟ್ಟದಂಥ ಕಡೆ ನೆಲೆ ಮಾಡಿ, ಕರಡಿಯಾಡಿಸುವ ಕಲಂದರ್ ಕುಟುಂಬಗಳಿಗೆ ಬೇರೆ ಕಸುಬಿಗೆ ಬಂಡವಾಳ ಕೊಟ್ಟು, ಮಕ್ಕಳನ್ನು ಶಾಲೆಗೆ ಸೇರಿಸಿದಾಗ. ಕೊನೆಯ ಕುಣಿಯುವ ಕರಡಿ ಎಂದು ಸಂಸ್ಥೆ ಹೇಳುವ ರಾಜು 2009ರಲ್ಲಿ ಬನ್ನೇರುಘಟ್ಟ ಸೇರಿತು. ಕರಡಿಯವನಿಗೂ ಹೊಟ್ಟೆಯಿದೆ ಎಂದು ಒಪ್ಪಿಕೊಂಡ ದಿನ ಕೆಲಸ ಸಾಗಿತು.

ನಿರ್ವಾಹಕರು

ಬೀದಿನಾಯಿಗಳ ಬಗ್ಗೆ ಬಂದ ಕೆಲವು ಪ್ರತಿಕ್ರಿಯೆಗಳನ್ನು ಪ್ರತ್ಯೇಕ ಚರ್ಚೆಗೆ ವರ್ಗಾಯಿಸಿದ್ದೇವೆ. ಇಲ್ಲಿ ಅದು ಬೇಡ, ಅದಕ್ಕೆ ಕೊನೆಯಿಲ್ಲ.

ತುಂಗಾತೀರ

ಇಷ್ಟೆಲ್ಲ ಬರುತ್ತದೆ ಎಂದುಕೊಂಡಿರಲಿಲ್ಲ. ಹಾಗಾದರೆ ನಮ್ಮ ಜಿಲ್ಲೆಯಲ್ಲಿ ಬ್ರೂಮ್ ಮಾಡಿದ ಕೆಲಸವನ್ನು ಯಾರು ಮಾಡಬೇಕು? ಖಾಸಗಿ ಸಂಸ್ಥೆಗಳು ಬೆಂಗಳೂರು, ಮೈಸೂರಿನಲ್ಲಿವೆ. ಸಣ್ಣ ಊರುಗಳ ಗತಿ?

ಕಪ್ಪುಕೋಟು

2001ರ ನಿಯಮಗಳ ಪ್ರಕಾರ ರಾಜ್ಯ ಸರ್ಕಾರ ಪ್ರತಿ ಜಿಲ್ಲೆಯಲ್ಲೂ ಪ್ರಾಣಿದಯಾ ಸಂಘ ಸ್ಥಾಪಿಸಬೇಕು. ಆರು ತಿಂಗಳ ಗಡುವೂ ಇತ್ತು. ಅದಕ್ಕೆ ಆಡಳಿತ ಸಮಿತಿ, ಸಮಿತಿಯಲ್ಲಿ ಪ್ರಾಣಿ ಕಲ್ಯಾಣ ಮಂಡಳಿಯ ಪ್ರತಿನಿಧಿಗಳು, ಗಾಯಗೊಂಡ ಪ್ರಾಣಿಗಳಿಗೆ ಆಸ್ಪತ್ರೆ, ಆಶ್ರಯ, ಎಲ್ಲವೂ ಕಾಗದದ ಮೇಲಿದೆ.

ಪಶುವೈದ್ಯೆ_ಧಾರವಾಡ

ಜಿಲ್ಲಾ ಸಂಘದ ಸಭೆ ಎಂದರೆ ಚಹಾ, ಬಿಸ್ಕತ್ತು, ಹಿಂದಿನ ಸಭೆಯ ನಡಾವಳಿ ಓದುವುದು ಎಂಬಷ್ಟಕ್ಕೆ ನಿಲ್ಲುವ ಕಡೆಗಳೂ ಇವೆ. ನಿಮ್ಮ ಜಿಲ್ಲೆಯದು ಹೇಗಿದೆಯೋ ಕೇಳಿ ನೋಡಿ. ಪಶುಪಾಲನಾ ಇಲಾಖೆಯ ಉಪನಿರ್ದೇಶಕರ ಕಚೇರಿಗೆ ಮಾಹಿತಿ ಹಕ್ಕಿನಡಿ ಅರ್ಜಿ ಹಾಕಿ.

ಕಬ್ಬಿನಗಾಡಿ

ಅರ್ಜಿ ಶುಲ್ಕ 10 ರೂಪಾಯಿ. ಕಾಯ್ದೆಯ ಕನಿಷ್ಠ ದಂಡವೂ 10 ರೂಪಾಯಿ. ಎತ್ತಿಗೆ ಹೊಡೆದವನೂ ಎತ್ತಿನ ಪರ ಕೇಳುವವನೂ ಸಮ ಆದರು.

ತುಂಗಾತೀರ

ಕರಡು ಹೀಗೆ ಬರೆದಿದ್ದೇನೆ, ನೋಡಿ: "ನಮ್ಮ ಜಿಲ್ಲೆಯ ಪ್ರಾಣಿದಯಾ ಸಂಘ ಏಕೆ ಕೆಲಸ ಮಾಡುತ್ತಿಲ್ಲ? ಕಳೆದ ಐದು ವರ್ಷಗಳಲ್ಲಿ ಎಷ್ಟು ಸಭೆಗಳಾಗಿವೆ? ಎಷ್ಟು ಪ್ರಕರಣ ದಾಖಲಾಗಿವೆ, ಎಷ್ಟು ದಂಡ ವಸೂಲಾಗಿದೆ?"

ಕಪ್ಪುಕೋಟು

"ಏಕೆ" ತೆಗೆಯಿರಿ. ಕಾರಣ ಕೊಡುವುದು ಮಾಹಿತಿಯಲ್ಲ ಎಂದು ಒಂದೇ ಸಾಲಿನಲ್ಲಿ ತಿರಸ್ಕರಿಸುತ್ತಾರೆ. ದಾಖಲೆ ಕೇಳಿ: ಸಂಘ ರಚಿಸಿದ ಅಧಿಸೂಚನೆಯ ಪ್ರತಿ, ಐದು ವರ್ಷದ ಸಭಾ ನಡಾವಳಿಗಳ ಪ್ರತಿ, ತಪಾಸಣೆಗೆ ನೇಮಿಸಿದವರಿದ್ದರೆ ಆ ನೇಮಕಾತಿ ಆದೇಶಗಳ ಪ್ರತಿ. ಪ್ರಕರಣ, ದಂಡದ ಲೆಕ್ಕಕ್ಕೆ ಪೊಲೀಸ್ ವರಿಷ್ಠಾಧಿಕಾರಿಗಳ ಕಚೇರಿಗೆ ಬೇರೆ ಅರ್ಜಿ ಹಾಕಿ. ಕರ್ನಾಟಕದ ನಿಯಮದಂತೆ ಒಂದು ಅರ್ಜಿಗೆ ಒಂದೇ ವಿಷಯ, 150 ಪದ ಮೀರಬಾರದು. ಉತ್ತರಕ್ಕೆ 30 ದಿನ ಕಾಯಿರಿ. ನೇಮಕಾತಿ ಆದೇಶದ ಪ್ರಶ್ನೆಯನ್ನು ಮಾತ್ರ ಯಾವ ಕಾರಣಕ್ಕೂ ಬಿಡಬೇಡಿ.

ತುಂಗಾತೀರ

ಸರಿ ಮೇಡಂ. ಎರಡು ಪೋಸ್ಟಲ್ ಆರ್ಡರ್ ತರುತ್ತೇನೆ. ಉತ್ತರ ಬಂದರೆ ಇಲ್ಲೇ ಹಾಕುತ್ತೇನೆ, ಬರದಿದ್ದರೂ ಹಾಕುತ್ತೇನೆ.